ಗುಂಗುರುಗೂದಲು: ತಿದ್ದಿಸುವುದೋ, ಉಳಿಸಿಕೊಳ್ಳುವುದೋ?

ಕೂದಲಿನ ವಿಷಯವು ಮೇಲುನೋಟಕ್ಕೆ ಅಲ್ಪವಾದುದೆಂದು ತೋರಬಹುದು. ಆದರೆ ಹೆಣ್ಣುಮಕ್ಕಳಿರುವ ಮನೆಯಲ್ಲಿ ಅದು ಅಲ್ಪವಲ್ಲವೆಂಬುದನ್ನು ಗೃಹಸ್ಥರೆಲ್ಲರೂ ಬಲ್ಲರು. ಶಿರಹಟ್ಟಿ ತಾಲೂಕಿನ ಮಾಗಡಿಯಂತಹ ಊರಿನಲ್ಲಿಯೂ ಗುಂಗುರುಗೂದಲಿನ ಮಗಳಿಗೆ ಮದುವೆಯ ಮಾತು ಬಂದಿತೆಂದರೆ, ಸೀರೆ ಒಡವೆಗಳ ಮಾತಿನೊಡನೆ ಮತ್ತೊಂದು ಮಾತೂ ಬರುವುದು. ಲಕ್ಷ್ಮೇಶ್ವರಕ್ಕೋ ಗದಗ-ಬೆಟಗೇರಿಗೋ ಕರೆದುಕೊಂಡು ಹೋಗಿ, ಬ್ಯೂಟಿ ಪಾರ್ಲರಿನಲ್ಲಿ ಅವಳ ಕೂದಲನ್ನು ನೆಟ್ಟಗೆ ಮಾಡಿಸಬೇಕೋ ಬೇಡವೋ ಎಂಬುದೇ ಆ ಮಾತು. ತಾಯಿಗೆ ಒಂದು ಯೋಚನೆ, ಅತ್ತಿಗೆಗೆ ಇನ್ನೊಂದು, ಅಜ್ಜಿಗೆ ಮತ್ತೊಂದು. ಯಾರ ತಲೆಯ ಮೇಲೆ ಈ ಕಾರ್ಯ ನಡೆಯಬೇಕೋ ಆ ಹುಡುಗಿಯ ಅಭಿಪ್ರಾಯವನ್ನು ಕೇಳುವವರು ಮಾತ್ರ ಕಡಿಮೆ. ಈ ವಿಷಯದಲ್ಲಿ ವಿಚಾರಪೂರ್ವಕವಾಗಿ ನಿರ್ಣಯಿಸಲು ಬೇಕಾದ ಸಂಗತಿಗಳನ್ನು ನಾವು ಇಲ್ಲಿ ವಾಚಕರ ಮುಂದಿಡುತ್ತೇವೆ.

ಗುಂಗುರುಗೂದಲು ರೋಗವೂ ಅಲ್ಲ, ಆರೈಕೆಯಿಲ್ಲದ ತಲೆಯ ಕುರುಹೂ ಅಲ್ಲ. ಕೂದಲಿನ ಬೇರು ಚರ್ಮದೊಳಗೆ ಯಾವ ಗೂಡಿನಲ್ಲಿ ನೆಟ್ಟಿರುವುದೋ ಆ ಗೂಡು ನೇರವಾಗಿದ್ದರೆ ಕೂದಲು ನೇರವಾಗಿಯೂ, ಬಾಗಿದ್ದರೆ ಸುರುಳಿಯಾಗಿಯೂ ಹೊರಬರುವುದು. ಇದು ತಾಯಿತಂದೆಗಳಿಂದ ಬಂದ ದೇಹಗುಣ. ನೆತ್ತಿಯಲ್ಲಿ ಹುಟ್ಟುವ ಸಹಜವಾದ ಜಿಡ್ಡು ನೇರವಾದ ಕೂದಲಿನ ಮೇಲೆ ಸುಲಭವಾಗಿ ಇಳಿದು ತುದಿಯನ್ನು ಮುಟ್ಟುತ್ತದೆ. ಸುರುಳಿಯ ದಾರಿಯಲ್ಲಿ ಅದು ಅಷ್ಟು ಬೇಗ ಇಳಿಯಲಾರದು. ಆದ್ದರಿಂದಲೇ ಗುಂಗುರುಗೂದಲು ಬೇಗ ಒಣಗುವುದು, ಸಿಕ್ಕಾಗುವುದು, ಒರಟಾಗಿ ಬಾಚಿದರೆ ತಿರುವುಗಳಲ್ಲಿ ಮುರಿಯುವುದು. ಹುಡುಗಿಯನ್ನು ಸೋಮಾರಿಯೆಂದು ಬಯ್ಯುವುದಕ್ಕೆ ಮೊದಲು ಈ ಕಾರಣವನ್ನು ತಿಳಿದಿರುವುದು ಒಳ್ಳೆಯದು.

ನಮ್ಮ ಹಿರಿಯರು ಸುರುಳಿಗೂದಲನ್ನು ಕುರೂಪವೆಂದು ಎಣಿಸಿದವರಲ್ಲ. ಕುರುಳು, ಮುಂಗುರುಳು ಎಂಬ ಮಾತುಗಳು ನಮ್ಮ ನುಡಿಯಲ್ಲಿ ಮೆಚ್ಚಿಕೆಯ ಮಾತುಗಳು. ಕಾವ್ಯಗಳ ನಾಯಿಕೆಯನ್ನು ಕುಟಿಲಕುಂತಲೆಯೆಂದು ಕರೆಯುವುದು ಅವಳನ್ನು ಹೊಗಳುವುದಕ್ಕಾಗಿಯೇ. ಗದಗಿಗೆ ಸಮೀಪದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ೧೦೦೭ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಜಿನಬಿಂಬಗಳನ್ನು ಕಡೆಯುವ ನಮ್ಮ ಶಿಲ್ಪಿಗಳು ತೀರ್ಥಂಕರರ ತಲೆಯ ಮೇಲೆ ಸಾಲುಸಾಲಾಗಿ ಸಣ್ಣ ಸುರುಳಿಗಳನ್ನೇ ಬಿಡಿಸುತ್ತ ಬಂದಿರುವರು. ಹೀಗಿರಲು, ನೇರವಾದ ಕೂದಲೊಂದೇ ಚೆಲುವೆಂಬ ಎಣಿಕೆಯು ನಮಗೆ ಪರಂಪರೆಯಿಂದ ಬಂದುದಲ್ಲ. ಜಾಹೀರಾತುಗಳಿಂದಲೂ ಚಲನಚಿತ್ರಗಳಿಂದಲೂ ಬಂದುದು.

ಇನ್ನು ತಿದ್ದುವ ಕ್ರಮವನ್ನು ನೋಡೋಣ. ಕೂದಲು ಕೆರಾಟಿನ್ ಎಂಬ ದ್ರವ್ಯದಿಂದ ಆದುದು. ಅದರ ಎಳೆಗಳನ್ನು ಎರಡು ಬಗೆಯ ಕಟ್ಟುಗಳು ಹಿಡಿದಿಟ್ಟಿವೆ. ಒಂದು ಬಗೆಯವು ನೀರಿಗೂ ಶಾಖಕ್ಕೂ ಸಡಿಲುವ ದುರ್ಬಲವಾದ ಕಟ್ಟುಗಳು. ಎರೆದುಕೊಂಡ ತಲೆಯನ್ನು ಬಿಗಿಯಾಗಿ ಹೆಣೆದು ಒಣಗಿಸಿದರೆ ಕೂದಲು ತಾತ್ಕಾಲಿಕವಾಗಿ ರೂಪ ಬದಲಿಸುವುದು ಇದರಿಂದಲೇ. ಮತ್ತೆ ನೀರು ಬಿದ್ದೊಡನೆ ಹಳೆಯ ಸುರುಳಿ ಮರಳುವುದು. ಎರಡನೆಯ ಬಗೆಯವು ಗಂಧಕದ ಬಲವಾದ ಕಟ್ಟುಗಳು. ಇವು ನೀರಿಗೆ ಬಗ್ಗವು. ಇವುಗಳನ್ನು ಮುರಿಯಲು ತೀಕ್ಷ್ಣವಾದ ರಸಾಯನವೇ ಬೇಕು. ಒಮ್ಮೆ ಮುರಿದ ಭಾಗವು ಮತ್ತೆ ಮೊದಲಿನಂತೆ ಆಗದು.

ಪಾರ್ಲರುಗಳಲ್ಲಿ ಹೇಳುವ ಹೆಸರುಗಳು ಹಲವಾದರೂ ಪದ್ಧತಿಗಳು ಮುಖ್ಯವಾಗಿ ಮೂರು. ಮೊದಲನೆಯದು ರಿಲ್ಯಾಕ್ಸರ್. ಇದರಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಅಥವಾ ಅದರ ಜಾತಿಯ ಕ್ಷಾರವಿರುವುದು. ಸಾಬೂನು ತಯಾರಿಸುವವರು ಬಳಸುವ ಕಾಸ್ಟಿಕ್ ಸೋಡಾ ಎಂದರೂ ಇದೇ. ಎರಡನೆಯದು ರಿಬಾಂಡಿಂಗ್ ಎಂದೂ ಸ್ಟ್ರೇಟನಿಂಗ್ ಎಂದೂ ಕರೆಯಿಸಿಕೊಳ್ಳುವುದು. ಇದರಲ್ಲಿ ಥಯೋಗ್ಲೈಕೋಲೇಟ್ ಎಂಬ ದ್ರವ್ಯದಿಂದ ಕಟ್ಟುಗಳನ್ನು ಬಿಡಿಸಿ, ಕಾಯಿಸಿದ ಇಸ್ತ್ರಿಯಿಂದ ಕೂದಲನ್ನು ನೇರಗೊಳಿಸಿ, ಬೇರೊಂದು ದ್ರವ್ಯದಿಂದ ಆ ರೂಪದಲ್ಲಿಯೇ ಮತ್ತೆ ಕಟ್ಟುವರು. ಮೊದಲನೆಯದನ್ನು ಮಾಡಿಸಿದ ಕೂದಲಿನ ಮೇಲೆ ಎರಡನೆಯದನ್ನಾಗಲಿ, ಎರಡನೆಯದರ ಮೇಲೆ ಮೊದಲನೆಯದನ್ನಾಗಲಿ ಎಂದಿಗೂ ಮಾಡಿಸಕೂಡದು. ಕೂದಲು ಹಿಡಿಹಿಡಿಯಾಗಿ ಮುರಿದುಬೀಳುವುದು. ಮೂರನೆಯದು ಕೆರಾಟಿನ್ ಎಂದೋ ಸ್ಮೂದನಿಂಗ್ ಎಂದೋ ಹೇಳುವ ಲೇಪನ. ಹೆಸರು ಸೌಮ್ಯವಾದುದು, ಆದರೆ ಇಂತಹ ಎಷ್ಟೋ ಲೇಪನಗಳಲ್ಲಿ ಫಾರ್ಮಾಲ್ಡಿಹೈಡ್, ಇಲ್ಲವೆ ಬಿಸಿ ತಗುಲಿದಾಗ ಅದನ್ನು ಬಿಡುವ ದ್ರವ್ಯ ಇರುವುದು. ವೈದ್ಯಕೀಯ ಕಾಲೇಜುಗಳಲ್ಲಿ ಶವವನ್ನು ಕೆಡದಂತೆ ಇರಿಸುವ ಫಾರ್ಮಲಿನ್ ಎಂಬುದು ಇದರ ದ್ರವವೇ.

ಈ ಮೂರರಲ್ಲಿ ಯಾವುದನ್ನು ಮಾಡಿಸಿದರೂ ಬೇರಿನ ಗೂಡು ಬದಲಾಗದು. ಕೂದಲು ತಿಂಗಳಿಗೆ ಸುಮಾರು ೧ ಸೆಂಟಿಮೀಟರಿನಂತೆ ಬೆಳೆಯುವುದು; ಹೊಸದಾಗಿ ಬಂದುದೆಲ್ಲ ಸುರುಳಿಯೇ. ಆರು ತಿಂಗಳಲ್ಲಿ ಬುಡದ ಆರು ಸೆಂಟಿಮೀಟರು ಗುಂಗುರು, ಕೆಳಗಿನದೆಲ್ಲ ನೇರ. ಈ ಎರಡೂ ಕೂಡುವ ಗೆರೆಯಲ್ಲಿ ಕೂದಲು ಅತಿ ದುರ್ಬಲವಾಗಿದ್ದು ಅಲ್ಲಿಯೇ ಮುರಿಯತೊಡಗುವುದು. ಆಗ ಮತ್ತೆ ಮಾಡಿಸಬೇಕು, ಇಲ್ಲವೆ ತಿದ್ದಿದ ಭಾಗವನ್ನು ಕತ್ತರಿಸಬೇಕು, ಇಲ್ಲವೆ ವರ್ಷಗಟ್ಟಲೆ ಕಾಯಬೇಕು. ಸೊಂಟಕ್ಕಿಳಿಯುವ ಹೆರಳು ಪೂರ್ಣವಾಗಿ ಮರಳಿ ಬೆಳೆಯಲು ನಾಲ್ಕೈದು ವರ್ಷಗಳೇ ಬೇಕಾಗುವುವು. ಆದುದರಿಂದ 'ಮದುವೆಗೆ ಒಮ್ಮೆ ಮಾಡಿಸಿದರಾಯಿತು' ಎಂಬ ಮಾತು ಪೂರ್ತಿ ಸತ್ಯವಲ್ಲ. ಅದು ಒಂದು ದಿನದ ಅಲಂಕಾರವಾಗಿರದೆ, ಮತ್ತೆ ಮತ್ತೆ ಹಣವನ್ನೂ ಹೊತ್ತನ್ನೂ ಬೇಡುವ ಒಂದು ಕಟ್ಟುಪಾಡಾಗುವುದು.

ದೇಹಾರೋಗ್ಯದ ಮಾತು ಇನ್ನೂ ಗಂಭೀರವಾದುದು. ಕ್ಷಾರದ ಲೇಪ ನೆತ್ತಿಗೆ ತಗುಲಿ ಸುಡುವುದು ಎಲ್ಲರಿಗೂ ಕಾಣುವ ಅಪಾಯ. ಕಾಣದ ಅಪಾಯಗಳೂ ಉಂಟು. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ನಿರ್ಣಯಿಸಿತು. ಅಮೆರಿಕೆಯಲ್ಲಿ ೩೩,೪೯೭ ಹೆಂಗಸರನ್ನು ಸುಮಾರು ಹನ್ನೊಂದು ವರ್ಷ ಗಮನಿಸಿದ ಒಂದು ಅಧ್ಯಯನವು ೨೦೨೨ರಲ್ಲಿ ಪ್ರಕಟವಾಯಿತು. ಕೂದಲು ನೇರಗೊಳಿಸುವ ದ್ರವ್ಯಗಳನ್ನು ಬಳಸದವರಲ್ಲಿ ೭೦ನೆಯ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವವು ನೂರಕ್ಕೆ ೧.೬೪ ಎಂದೂ, ವರ್ಷದಲ್ಲಿ ನಾಲ್ಕಕ್ಕಿಂತ ಹೆಚ್ಚು ಬಾರಿ ಬಳಸಿದವರಲ್ಲಿ ನೂರಕ್ಕೆ ೪.೦೫ ಎಂದೂ ಅದು ಲೆಕ್ಕಹಾಕಿತು. ಇದು ಬಳಕೆಗೂ ರೋಗಕ್ಕೂ ಇರುವ ನಂಟನ್ನು ತೋರಿಸಿತೇ ಹೊರತು, ಒಂದೇ ಕಾರಣವೆಂದು ಸಿದ್ಧಪಡಿಸಲಿಲ್ಲ. ಒಮ್ಮೆ ಮಾಡಿಸಿಕೊಂಡವರು ಇದನ್ನು ಓದಿ ಭಯಪಡಬೇಕಾಗಿಲ್ಲ. ಆದರೆ ಪದೇ ಪದೇ ಮಾಡಿಸುವವರು ಅಲಕ್ಷ್ಯ ಮಾಡತಕ್ಕ ಸಂಗತಿಯೂ ಇದಲ್ಲ.

'ಇದರಲ್ಲಿ ಫಾರ್ಮಾಲ್ಡಿಹೈಡ್ ಇಲ್ಲ' ಎಂಬ ಚೀಟಿಯನ್ನು ನೋಡಿ ನಿಶ್ಚಿಂತರಾಗುವಂತೆಯೂ ಇಲ್ಲ. ಅದರ ಬದಲು ಬಳಸುವ ಗ್ಲೈಆಕ್ಸಿಲಿಕ್ ಆಮ್ಲವು ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡದಲ್ಲಿ ಹರಳುಗಳಾಗಿ ಕೂಡಬಲ್ಲುದು. ಇಸ್ರೇಲಿನಲ್ಲಿ ೨೬ ಜನರಿಗೆ ಕೂದಲು ನೇರಗೊಳಿಸಿಕೊಂಡ ಮೇಲೆ ಮೂತ್ರಪಿಂಡದ ತೊಂದರೆ ಉಂಟಾದುದನ್ನು ೨೦೨೩ರಲ್ಲಿ ವೈದ್ಯರು ವರದಿ ಮಾಡಿದರು. ೨೦೨೪ರಲ್ಲಿ ಫ್ರಾನ್ಸಿನ ವೈದ್ಯರು ಪ್ರಯೋಗದಿಂದ ಈ ಆಮ್ಲದ ಕಡೆಗೆ ಬೆರಳು ತೋರಿದರು. ಪಾರ್ಲರಿನ ಮುಚ್ಚಿದ ಕೋಣೆಯಲ್ಲಿ ಕಣ್ಣುರಿಸುವ ಹೊಗೆಯ ನಡುವೆ ದಿನವೂ ನಿಂತು ದುಡಿಯುವ ಹೆಣ್ಣುಮಗಳನ್ನೂ ಇಲ್ಲಿ ನೆನೆಯಬೇಕು. ನಮ್ಮ ಮಗಳು ಎರಡು ಮೂರು ತಾಸು ಉಸಿರಾಡುವುದನ್ನು ಅವಳು ವರ್ಷವಿಡೀ ಉಸಿರಾಡುವಳು.

ಈ ಪ್ರಶ್ನೆ ನಮ್ಮ ಕಡೆಗೆ ಹೊಸದಾದರೂ ಲೋಕಕ್ಕೆ ಹಳೆಯದು. ಅಮೆರಿಕೆಯ ಕಪ್ಪು ಜನರು ಶತಮಾನಕ್ಕೂ ಮಿಕ್ಕಿ ಇದನ್ನು ಅನುಭವಿಸಿರುವರು. ಗ್ಯಾರೆಟ್ ಮಾರ್ಗನ್ ಎಂಬ ಕಪ್ಪು ಕುಲದ ಸಂಶೋಧಕನು ಹೊಲಿಗೆಯ ಯಂತ್ರದ ಸೂಜಿಗೆ ಹಚ್ಚುವ ದ್ರವವೊಂದು ಬಟ್ಟೆಯ ಎಳೆಗಳನ್ನು ನೆಟ್ಟಗಾಗಿಸಿದುದನ್ನು ಕಂಡು ಕೂದಲಿನ ಲೇಪವನ್ನು ಹೊರತಂದನೆಂದು ಹೇಳುವರು. ೧೯೧೩ರಲ್ಲಿ ಅವನು ಅದಕ್ಕಾಗಿ ಕಂಪನಿಯನ್ನೇ ತೆರೆದನು. ಸಹಜವಾದ ಕೂದಲಿನೊಡನೆ ಹೋದರೆ ಕೆಲಸ ಸಿಗದು, ಶಾಲೆಯಲ್ಲಿ ಮರ್ಯಾದೆ ಸಿಗದು ಎಂಬ ಸ್ಥಿತಿಯಲ್ಲಿ ಅಲ್ಲಿಯ ತಾಯಂದಿರು ಎಳೆಯ ಮಕ್ಕಳ ತಲೆಗೂ ಕ್ಷಾರವನ್ನು ಹಚ್ಚಿದರು. ಕಡೆಗೆ ೨೦೧೯ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಕೂದಲಿನ ಸಹಜ ಸ್ವರೂಪದ ಕಾರಣದಿಂದ ಶಾಲೆಯಲ್ಲಿಯೂ ಉದ್ಯೋಗದಲ್ಲಿಯೂ ಭೇದವೆಣಿಸಕೂಡದೆಂದು ಕಾನೂನು ಮಾಡಿತು. ಕೂದಲನ್ನು ತಿದ್ದುವುದಕ್ಕೆ ಮುಂಚೆ ನೋಡುವವರ ಕಣ್ಣನ್ನು ತಿದ್ದಬೇಕೆಂಬುದೇ ಅದರ ತಾತ್ಪರ್ಯ.

ಅಷ್ಟು ದೂರ ಹೋಗುವುದೂ ಬೇಡ. ಲಕ್ಷ್ಮೇಶ್ವರದಿಂದ ಪಡುವಣಕ್ಕೆ ಶಿಗ್ಗಾವಿಯನ್ನು ದಾಟಿದರೆ ಮುಂಡಗೋಡ. ಅದರಾಚೆ ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡುಸೀಮೆ. ಅಲ್ಲಿ ನಮ್ಮವರೇ ಆದ ಸಿದ್ದಿ ಜನಾಂಗದವರು ತಲೆಮಾರುಗಳಿಂದ ಬಾಳುತ್ತಿರುವರು. ಇವರ ಹಿರಿಯರು ಆಫ್ರಿಕೆಯ ಮೂಡಣ ತೀರದಿಂದ ಬಂದವರು. ಪೋರ್ತುಗೀಜರೂ ಅರಬರೂ ಗುಲಾಮರನ್ನಾಗಿ ತಂದವರಲ್ಲಿ ಅನೇಕರು ಗೋವೆಯಿಂದ ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದರು. ದಟ್ಟವಾದ ಸಣ್ಣ ಸುರುಳಿಗಳ ಕೂದಲು ಇವರಿಗೆ ಹುಟ್ಟಿನಿಂದ ಬಂದುದು. ಕನ್ನಡವನ್ನೂ ಕೊಂಕಣಿಯನ್ನೂ ಆಡುವ ಇವರನ್ನು ಪೇಟೆಯಲ್ಲಿ ಪರದೇಶಿಗಳೆಂದು ಎಣಿಸಿ ಕೂದಲನ್ನು ಬೆರಗಿನಿಂದ ನೋಡುವವರು ಇಂದಿಗೂ ಇರುವರು. ಉತ್ತರ ಕನ್ನಡದ ಸಿದ್ದಿಗಳಿಗೆ ೨೦೦೩ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ೨೦೨೦ರಲ್ಲಿ ಶ್ರೀ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿಗೆ ನಾಮಕರಣಗೊಂಡು, ಆ ಜನಾಂಗದಿಂದ ರಾಜ್ಯದ ಶಾಸಕಾಂಗವನ್ನು ಪ್ರವೇಶಿಸಿದವರಲ್ಲಿ ಮೊದಲಿಗರಾದರು. ಆ ಸೀಮೆಯ ಹುಡುಗಿಯೊಬ್ಬಳು ನಮ್ಮ ಊರಿನ ಶಾಲೆಗೋ ಆಸ್ಪತ್ರೆಗೋ ಕೆಲಸಕ್ಕೆ ಬಂದರೆ ಅವಳ ತಲೆಯನ್ನು ನೋಡಿ ನಗುವ ಮಕ್ಕಳನ್ನು ತಡೆಯುವುದು ಹಿರಿಯರ ಕರ್ತವ್ಯ. ಇತರರ ಕೂದಲಿಗೆ ನಗುವುದನ್ನು ಕಲಿತ ಮಗುವು ನಾಳೆ ತನ್ನ ತಂಗಿಯ ಕೂದಲಿಗೂ ನಗುವುದು.

ಹಾಗಾದರೆ ಸಹಜವಾದ ಕೂದಲನ್ನು ಉಳಿಸಿಕೊಳ್ಳುವವರು ಏನು ಮಾಡಬೇಕು? ನೇರಗೂದಲಿನ ಉಪಚಾರವನ್ನೇ ಗುಂಗುರಿಗೂ ಮಾಡಿದರೆ ಫಲವಿಲ್ಲ. ಎರೆದುಕೊಳ್ಳುವ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆಯನ್ನು ಮುಖ್ಯವಾಗಿ ತುದಿಗಳಿಗೆ ಹಚ್ಚಬೇಕು. ನಮ್ಮ ಸೀಮೆಯ ಬೋರಿನ ಗಡಸು ನೀರಿನಲ್ಲಿ ಮೈಸಾಬೂನನ್ನು ತಲೆಗೆ ತಿಕ್ಕಿದರೆ ಸುಣ್ಣದಂತಹ ಜಿಗುಟು ಕೂದಲಿಗೆ ಅಂಟುವುದು. ಸೀಗೆಕಾಯಿ, ಅಂಟವಾಳಗಳ ನೊರೆಗೆ ಈ ದೋಷವಿಲ್ಲ. ಆದರೆ ಪುಡಿಯನ್ನೇ ತಿಕ್ಕದೆ ಕುದಿಸಿ ಸೋಸಿದ ತಿಳಿಯನ್ನು ಬಳಸಬೇಕು. ಒಣಗಿದ ತಲೆಯನ್ನು ಬಾಚಬಾರದು. ಒದ್ದೆಯಿರುವಾಗಲೇ ಹಲ್ಲು ಅಗಲವಾದ ಹಣಿಗೆಯಿಂದ ತುದಿಯಿಂದ ಆರಂಭಿಸಿ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಒರಟಾದ ಟವೆಲಿಗಿಂತ ಹಳೆಯ ಮೆತ್ತನೆಯ ಪತ್ತಲದ ತುಂಡಿನಿಂದ ಒತ್ತಿ ನೀರು ತೆಗೆಯುವುದು ಮೇಲು.

ಸುರುಳಿಯನ್ನು ಅಂದವಾಗಿ ನಿಲ್ಲಿಸಲು ಅಂಗಡಿಯ ಲೇಪವೇ ಬೇಕೆಂದಿಲ್ಲ. ಚಟ್ನಿಗಾಗಿ ಮನೆಯಲ್ಲಿರುವ ಅಗಸಿಯ ಒಂದು ಹಿಡಿ ಬೀಜವನ್ನು ಎರಡು ಬಟ್ಟಲು ನೀರಿನಲ್ಲಿ ಕುದಿಸಿ, ಲೋಳೆ ಬಿಟ್ಟೊಡನೆ ಬಿಸಿಯಾಗಿರುವಾಗಲೇ ಬಟ್ಟೆಯಲ್ಲಿ ಸೋಸಿದರೆ ಒಳ್ಳೆಯ ಲೇಪ ಸಿದ್ಧವಾಗುವುದು. ಒದ್ದೆಗೂದಲಿಗೆ ಇದನ್ನು ಸವರಿ ಬೆರಳಿನಿಂದ ಸುರುಳಿಗಳನ್ನು ಹೊಂದಿಸಿ ನೆರಳಿನಲ್ಲಿ ಒಣಗಿಸಬೇಕು. ಅದು ಬೇಗ ಕೆಡುವುದರಿಂದ ಎರಡು ಮೂರು ದಿನಗಳಿಗೆ ಸಾಕಾಗುವಷ್ಟನ್ನೇ ಮಾಡಿಕೊಳ್ಳುವುದು ಲೇಸು. ಇಷ್ಟನ್ನು ಮೂರು ತಿಂಗಳು ಬಿಡದೆ ನಡೆಸಿ ನೋಡಿದ ಮೇಲೆಯೇ ಪಾರ್ಲರಿನ ಮಾತನ್ನೆತ್ತಬೇಕೆಂದು ನಮ್ಮ ಸೂಚನೆ. ಕೂದಲಿಗೆ ತಕ್ಕ ಆರೈಕೆ ಎಂದೂ ದೊರೆಯದುದರಿಂದಲೇ ಅದನ್ನು ದ್ವೇಷಿಸುವವರು ಬಹಳ.

ಎಲ್ಲವನ್ನೂ ತಿಳಿದ ಮೇಲೆಯೂ ನೇರವಾದ ಕೂದಲೇ ಬೇಕೆಂದು ಪ್ರಾಪ್ತವಯಸ್ಕಳಾದ ಹೆಣ್ಣುಮಗಳು ಬಯಸಿದರೆ ಅವಳನ್ನು ಹೀಯಾಳಿಸಲು ಯಾರಿಗೂ ಅಧಿಕಾರವಿಲ್ಲ. ಬೆಳಗ್ಗೆ ಮನೆಗೆಲಸ ಮುಗಿಸಿ ಬಸ್ಸು ಹಿಡಿಯುವವಳಿಗೆ ತಲೆ ಬಾಚುವ ಹೊತ್ತು ಉಳಿದರೆ ಅದೂ ಒಂದು ಅನುಕೂಲವೇ. ಆದರೆ ಕೆಲವು ನಿಯಮಗಳನ್ನು ಮೀರಬಾರದು. ಮಕ್ಕಳಿಗೂ ಗರ್ಭಿಣಿಯರಿಗೂ ಹಾಲೂಡುವ ತಾಯಂದಿರಿಗೂ ಇದು ಬೇಡ. ನೆತ್ತಿಯಲ್ಲಿ ಗಾಯ, ಹುಣ್ಣು, ತುರಿಕೆಯಿದ್ದರೆ ಬೇಡ. ಬಾಟಲಿಯ ಮೇಲಿನ ದ್ರವ್ಯಗಳ ಹೆಸರನ್ನು ಕೇಳಿ ಓದಿಸಿಕೊಳ್ಳಬೇಕು. ತೋರಿಸಲು ಒಪ್ಪದ ಅಂಗಡಿಯಿಂದ ಎದ್ದು ಬರಬೇಕು. ಎರಡು ದಿನ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಪರೀಕ್ಷಿಸಬೇಕು. ಕಿಟಕಿ ತೆರೆದಿರಬೇಕು. ಹಿಂದೆ ಏನು ಮಾಡಿಸಿದ್ದೆವೆಂಬುದನ್ನು ಮುಚ್ಚದೆ ಹೇಳಬೇಕು. ಮತ್ತೆ ಮಾಡಿಸುವಾಗ ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಲೇಪ ಹಚ್ಚಿಸಬೇಕು. ಮದುವೆಯ ದಿನಕ್ಕಾಗಿ ಮಾತ್ರವಾದರೆ ಒಳ್ಳೆಯ ತುರುಬು, ಮೊಗ್ಗಿನ ಜಡೆಗಳೇ ಸಾಕು. ಹೂವು ನಿಲ್ಲುವುದಕ್ಕೆ ಗುಂಗುರುಗೂದಲಿನಂತಹ ಆಸರೆ ಬೇರೆಯಿಲ್ಲ.

ಕೊನೆಗೆ ತಾಯಿತಂದೆಗಳಿಗೆ ಒಂದು ಮಾತು. ಕನ್ಯೆಯನ್ನು ನೋಡಲು ಬಂದವರು ಕೂದಲನ್ನು ಕುರಿತು ಮಾತನಾಡಿದರೆ, 'ಮದುವೆಯೊಳಗೆ ನೆಟ್ಟಗೆ ಮಾಡಿಸುತ್ತೇವೆ' ಎಂದು ನೀವು ಒಪ್ಪಿಕೊಳ್ಳಬೇಡಿರಿ. ಹಾಗೆ ಒಪ್ಪಿಕೊಂಡರೆ ಆ ಹುಡುಗಿಯು ಗಂಡನ ಮನೆಯಲ್ಲಿ ವರುಷವರುಷವೂ ಆ ಮಾತನ್ನು ತನ್ನ ನೆತ್ತಿಯ ಮೇಲೆ ನಡೆಸಿಕೊಡಬೇಕಾಗುವುದು. 'ಅವಳ ಕೂದಲು ಹೀಗೆಯೇ, ನಮ್ಮ ಅವ್ವನ ಕೂದಲೂ ಹೀಗೆಯೇ ಇತ್ತು' ಎಂದು ಹೇಳಿರಿ. ಆ ಮೇಲೆ ತಿದ್ದಿಸುವುದೋ ಉಳಿಸಿಕೊಳ್ಳುವುದೋ ಅವಳೇ ಯೋಚಿಸಿ ನಿರ್ಣಯಿಸಲಿ.