ಹಳೆಯ ಆಫೀಸ್ ತಂತ್ರಾಂಶ ಬದಲಿಸುವ ಮುನ್ನ ಕನ್ನಡ ಕಡತಗಳನ್ನು ನೋಡಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಶಾಲೆ, ವಿದ್ಯಾರ್ಥಿನಿಲಯ, ಸ್ವಸಹಾಯ ಸಂಘಗಳ ಕಚೇರಿ ನೋಡಿಕೊಳ್ಳುವವರಿಗೂ ನಮ್ಮ ಕರಾವಳಿಯ ಧರ್ಮಕೇಂದ್ರಗಳ ಕಚೇರಿ ಸಿಬ್ಬಂದಿಗೂ ಪ್ರಶ್ನೆ ಒಂದೇ: ಇರುವ ತಂತ್ರಾಂಶ ಕೆಲಸ ಮಾಡುತ್ತಿರುವಾಗ ಹೊಸದಕ್ಕೆ ಹಣ ಏಕೆ? ಪ್ರಶ್ನೆ ನ್ಯಾಯವಾದದ್ದೇ. ಹೊಸದು ಬಂದಿದೆ ಎಂಬ ಒಂದೇ ಕಾರಣಕ್ಕೆ ಕೊಳ್ಳುವುದನ್ನು ನಾವೂ ಒಪ್ಪುವುದಿಲ್ಲ.

ಆದರೆ ಕೆಲವು ದಿನಾಂಕಗಳನ್ನು ಗಮನಿಸಬೇಕು. ವಿಂಡೋಸ್ ಎಕ್ಸ್‌ಪಿ ಮತ್ತು ಆಫೀಸ್ 2003ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಭದ್ರತಾ ಪರಿಷ್ಕರಣೆಗಳು 2014ರ ಏಪ್ರಿಲ್ 8ಕ್ಕೆ ನಿಂತವು. ಆಫೀಸ್ 2007ಕ್ಕೆ 2017ರಲ್ಲಿ, ಆಫೀಸ್ 2010ಕ್ಕೆ 2020ರಲ್ಲಿ, ಆಫೀಸ್ 2016 ಮತ್ತು 2019ಕ್ಕೆ 2025ರ ಅಕ್ಟೋಬರ್ 14ರಂದು ನಿಂತವು. ಇಂಟರ್ನೆಟ್ ಇಲ್ಲದೆ ಪತ್ರ ಮುದ್ರಿಸಲು ಮಾತ್ರ ಬಳಸುವ ಗಣಕಯಂತ್ರಕ್ಕೆ ಇದರಿಂದ ದೊಡ್ಡ ತೊಂದರೆ ಇಲ್ಲ. ಇ-ಮೇಲ್ ತೆರೆಯುವ, ಪೆನ್ ಡ್ರೈವ್ ಹಾಕುವ, ಶಾಲೆಯ ಮಾಹಿತಿಯನ್ನು ಸರಕಾರದ ಜಾಲತಾಣದಲ್ಲಿ ತುಂಬುವ ಯಂತ್ರವಾದರೆ ಹಳೆಯ ತಂತ್ರಾಂಶ ಇಟ್ಟುಕೊಳ್ಳುವುದು ಸರಿಯಲ್ಲ.

ನಮ್ಮ ಕಚೇರಿಗಳಿಗೆ ಇದಕ್ಕಿಂತ ದೊಡ್ಡ ವಿಷಯ ಕನ್ನಡದ್ದು. 1998ರಲ್ಲಿ ಬಂದ ಶೇಷಾದ್ರಿವಾಸು ಅವರ 'ಬರಹ', ಅನಂತರ ಬಂದ ಕನ್ನಡ ಗಣಕ ಪರಿಷತ್ತಿನ 'ನುಡಿ' ನಮ್ಮ ನಾಡಿನ ಕಚೇರಿಗಳಿಗೆ ಕನ್ನಡ ಬೆರಳಚ್ಚು ಕಲಿಸಿದವು. ಆ ಉಪಕಾರ ಮರೆಯುವಂಥದ್ದಲ್ಲ. ಆದರೆ ಆ ಕಾಲದ ಕಡತಗಳಲ್ಲಿ ಪರದೆಯ ಮೇಲೆ 'ಸಿಂದಗಿ' ಎಂದು ಕಾಣುವುದು ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲಾಗಿಯೇ ಉಳಿದಿರುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಚುಗಳು. ಯುನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ಹೆಸರು ಸಿಗದು. ಅಕಾರಾದಿಯಾಗಿ ಜೋಡಿಸಲು ಹೇಳಿದರೆ ಕ್ರಮವೇ ತಪ್ಪುತ್ತದೆ.

ಈ ನಾಲ್ಕು ತಾಲೂಕುಗಳಲ್ಲಿ ಇದು ಬರಿಯ ಊಹೆಯ ಕಷ್ಟವಲ್ಲ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. 2018ರಲ್ಲಿ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಹೊಸ ತಾಲೂಕುಗಳಾದವು. ಹತ್ತಿಪ್ಪತ್ತು ವರ್ಷಗಳ ವಿದ್ಯಾರ್ಥಿಗಳ, ಸಂಘದ ಸದಸ್ಯರ ವಿಳಾಸಪಟ್ಟಿಯಲ್ಲಿ ತಾಲೂಕು, ಜಿಲ್ಲೆಯ ಹೆಸರು ತಿದ್ದಬೇಕೆಂದರೆ ಅರ್ಧ ನುಡಿ, ಅರ್ಧ ಯುನಿಕೋಡ್ ಆಗಿರುವ ಕಡತದಲ್ಲಿ ಒಂದೊಂದೇ ಸಾಲು ಕಣ್ಣಿಟ್ಟು ಓದಬೇಕು. ವರ್ಗಾವಣೆ ಪತ್ರ ಕೇಳಿ ಬಂದ ಹಳೆಯ ವಿದ್ಯಾರ್ಥಿ ಬಾಗಿಲಲ್ಲಿ ಕಾಯುತ್ತಿರುತ್ತಾನೆ.

ಆದುದರಿಂದ ಮೊದಲು ಕಡತಗಳ ಪ್ರತಿ ತೆಗೆದು ಬೇರೆ ಡಿಸ್ಕಿನಲ್ಲಿಡಿ. ಬರಹ, ನುಡಿ ಎರಡರಲ್ಲೂ ಯುನಿಕೋಡ್‌ಗೆ ಪರಿವರ್ತಿಸುವ ಸಾಧನವಿದೆ. ಪರಿವರ್ತನೆಯನ್ನು ಪ್ರತಿಯ ಮೇಲೆ ಮಾತ್ರ ಮಾಡಿ, ಮೂಲವನ್ನು ಮುಟ್ಟಬೇಡಿ. ಬಳಿಕ ಒತ್ತಕ್ಷರ, ಅರ್ಕಾವತ್ತುಗಳನ್ನು ಪರೀಕ್ಷಿಸಿ. ಕನ್ನಡದ ನಡುವೆ ಇಂಗ್ಲಿಷಿನಲ್ಲಿದ್ದ ಹೆಸರು, ಇ-ಮೇಲ್ ವಿಳಾಸಗಳು ಪರಿವರ್ತನೆಯಲ್ಲಿ ವಿಚಿತ್ರ ಕನ್ನಡವಾಗಿಬಿಡುವುದುಂಟು. ದಾಖಲಾತಿ, ದೀಕ್ಷಾಸ್ನಾನದ ಪಟ್ಟಿಗಳನ್ನು ಕೈಬರಹದ ಪುಸ್ತಕದೊಂದಿಗೆ ತಾಳೆ ನೋಡದೆ ನಂಬಬಾರದು; ಒಂದು ದೀರ್ಘ ತಪ್ಪಿದರೂ ಮುಂದೆ ಪಾಸ್‌ಪೋರ್ಟ್ ಕಚೇರಿಯಲ್ಲಿ ಅಲೆಯುವವರು ಆ ಮಗುವಿನ ತಂದೆತಾಯಿ.

ಹಣದ ಅಡಚಣೆ ಇದ್ದಲ್ಲಿ ಲಿಬ್ರೆ ಆಫೀಸ್ ಉಚಿತ. ಹಳೆಯ ವರ್ಡ್, ಎಕ್ಸೆಲ್ ಕಡತಗಳನ್ನೂ ತೆರೆಯುತ್ತದೆ. ಮುದ್ರಣದ ಪುಟವಿನ್ಯಾಸ ಅಲ್ಲಲ್ಲಿ ಸರಿಯಬಹುದು, ಮ್ಯಾಕ್ರೋ ಬಳಸಿದ ಲೆಕ್ಕಪತ್ರಗಳು ಕೈಕೊಡಬಹುದು. ಪರವಾನಗಿ ಇಲ್ಲದ ನಕಲು ಪ್ರತಿ ಹಾಕಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಮೊದಲು ಒಂದೇ ಯಂತ್ರದಲ್ಲಿ ಹಾಕಿ, ಒಂದು ತಿಂಗಳ ರಶೀದಿ, ಪತ್ರ, ಲೆಕ್ಕವನ್ನೆಲ್ಲ ಅದರಲ್ಲೇ ಮಾಡಿ ನೋಡಿ. ಹಳೆಯ ಯಂತ್ರವನ್ನು ಇಂಟರ್ನೆಟ್‌ನಿಂದ ಬಿಡಿಸಿ, ವಾರ್ಷಿಕ ಲೆಕ್ಕ ತಪಾಸಣೆ ಮುಗಿಯುವವರೆಗೆ ಹಾಗೆಯೇ ಇಟ್ಟುಕೊಳ್ಳಿ.