ಅಂತರಸನಹಳ್ಳಿ: ತರಕಾರಿ ಧಾರಣೆ ಗೊತ್ತು, ಮಕ್ಕಳ ಕಲಿಕೆ ಗೊತ್ತೇ?

ತುಮಕೂರಿನಿಂದ ಶಿರಾ ಕಡೆಗೆ ಹೊರಟರೆ, ಇನ್ನೇನು ನಗರ ಮುಗಿಯಿತು ಅನ್ನುವಷ್ಟರಲ್ಲಿ ಅಂತರಸನಹಳ್ಳಿ ಬರುತ್ತದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬಿಡುವಿಲ್ಲದೆ ಓಡುವ ಲಾರಿಗಳು, ಕೈಗಾರಿಕಾ ಪ್ರದೇಶದ ಶೆಡ್ಡುಗಳು, ತರಕಾರಿ ಮಾರುಕಟ್ಟೆ. ಜಿಲ್ಲೆಯ ರೈತರಿಗೆ ಈ ಊರು ಪರಿಚಯವಾದದ್ದೇ ಮಾರುಕಟ್ಟೆಯಿಂದ. ಬೀನ್ಸ್ ಎಷ್ಟಕ್ಕೆ ಹೋಯಿತು, ಟೊಮೆಟೊ ಎಷ್ಟಕ್ಕೆ ಇಳಿಯಿತು ಎಂಬ ಸುದ್ದಿಯಲ್ಲಿ ಅಂತರಸನಹಳ್ಳಿಯ ಹೆಸರು ಪತ್ರಿಕೆಗೆ ಬರುತ್ತಲೇ ಇರುತ್ತದೆ.

ಹಳೆಯ ಹಳ್ಳಿಯೊಂದನ್ನು ಕಾರ್ಖಾನೆಗಳೂ ನಗರವೂ ಸುತ್ತುವರಿದರೆ ಅಲ್ಲಿನ ಮಕ್ಕಳ ಓದು ಏನಾಗುತ್ತದೆ ಎಂಬ ಪ್ರಶ್ನೆ ಇಟ್ಟುಕೊಂಡು ಈ ಊರನ್ನು ನೋಡಬೇಕು. ಮಂಡಿಯ ಕೂಲಿ, ಕಾರ್ಖಾನೆಯ ಪಾಳಿ, ಬಾಡಿಗೆ ಮನೆ, ಕೆಲಸ ಬದಲಾದರೆ ಮಕ್ಕಳ ಶಾಲೆಯೂ ಬದಲು. ಇಂಥ ಕಡೆ ಮಗುವಿನ ಕಲಿಕೆಯನ್ನು ಅಳೆಯುವುದು ಸುಲಭವಲ್ಲ. ಆದರೂ ಅಳೆಯಲೇಬೇಕು, ಅಳೆದದ್ದನ್ನು ಮನೆಯವರಿಗೆ ಹೇಳಲೂಬೇಕು.

ಒಂದು ಲೆಕ್ಕ ನೋಡಿ. ಬಾಕ್ಸಿಗೆ 15 ಕಿಲೋ ಟೊಮೆಟೊ, ಕಿಲೋಗೆ 12 ರೂಪಾಯಿ, ನಾಲ್ಕು ಬಾಕ್ಸಿಗೆ ಎಷ್ಟಾಯಿತು? ಮಂಡಿಯಲ್ಲಿ ಅಪ್ಪನ ಜತೆ ನಿಂತು ಬೆಳೆದ ಹುಡುಗ ಬೆರಳು ಮಡಚದೆ 720 ಎಂದಾನು. ಇದೇ ಲೆಕ್ಕವನ್ನು ಮೂರು ಸಾಲಿನ ಪ್ರಶ್ನೆ ಮಾಡಿ, ಕೆಳಗೆ ನಾಲ್ಕು ಉತ್ತರ ಅಚ್ಚು ಹಾಕಿ, ಸರಿಯಾದುದರ ವೃತ್ತ ತುಂಬು ಎಂದರೆ ಅವನು ಮೊದಲು ಓದಬೇಕು, ಓದಿದ್ದು ಅರ್ಥವಾಗಬೇಕು, ಆಮೇಲೆ ಪ್ರಶ್ನೆಯ ಸಂಖ್ಯೆ ಹುಡುಕಿ ಗೆರೆ ದಾಟದಂತೆ ಕಪ್ಪು ಮಾಡಬೇಕು. ಉತ್ತರ ತಪ್ಪಿದರೆ ತಪ್ಪಿದ್ದು ಗುಣಾಕಾರವೋ, ಓದೋ, ವೃತ್ತವೋ? ಅಂಕವೊಂದೇ ಇದನ್ನು ಹೇಳುವುದಿಲ್ಲ. ಮಗುವಿನ ಪಕ್ಕ ಕೂತ ಮೇಷ್ಟ್ರಿಗೆ ಮಾತ್ರ ಗೊತ್ತಾಗುತ್ತದೆ.

ನಲಿಕಲಿ ನಮ್ಮ ರಾಜ್ಯದಲ್ಲೇ ಹುಟ್ಟಿ ಬೆಳೆದದ್ದು ಈ ಕಾರಣಕ್ಕೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ರಿಷಿವ್ಯಾಲಿ ಶಾಲೆಯ ಮಾದರಿ ನೋಡಿ ಶುರುವಾದ ಈ ಪದ್ಧತಿ 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಗೋಡೆಯ ಮೇಲೆ ಕಲಿಕಾ ಏಣಿ. ಮಗು ಒಂದೊಂದು ಕಾರ್ಡು ಮುಗಿಸಿ ಒಂದೊಂದು ಮೆಟ್ಟಿಲು ಹತ್ತುತ್ತದೆ. ವಾರಗಟ್ಟಲೆ ಊರಿಗೆ ಹೋಗಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ವಲಸೆಯ ಮಕ್ಕಳಿರುವ ಕಡೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ ಎಂದೇ ನನ್ನ ನಂಬಿಕೆ.

ದೆಹಲಿಯಿಂದ ಬರುವ ಪರೀಕ್ಷೆಯ ರೀತಿ ಬೇರೆ. 2021ರ ನವೆಂಬರ್ 12ರಂದು ದೇಶದ 720 ಜಿಲ್ಲೆಗಳಲ್ಲಿ ರಾಷ್ಟ್ರೀಯ ಸಾಧನಾ ಸಮೀಕ್ಷೆ ನಡೆಯಿತು. ಸುಮಾರು 34 ಲಕ್ಷ ಮಕ್ಕಳು ಬರೆದರು. ಕೋವಿಡ್‌ನಿಂದ ಮುಚ್ಚಿದ್ದ ಶಾಲೆಗಳಲ್ಲಿ ಕರ್ನಾಟಕವು ಒಂದರಿಂದ ಐದನೇ ತರಗತಿಯನ್ನು ತೆರೆದದ್ದು ಅದೇ ವರ್ಷ ಅಕ್ಟೋಬರ್ 25ಕ್ಕೆ. ಅಂದರೆ, ನಮ್ಮ ಮೂರನೇ ಕ್ಲಾಸಿನ ಮಕ್ಕಳು ಒಂದನೇ ಕ್ಲಾಸಿನ ಕೊನೆಯಲ್ಲಿ ಶಾಲೆ ಬಿಟ್ಟವರು, ಎರಡನೇ ಕ್ಲಾಸನ್ನು ಸರಿಯಾಗಿ ಕಾಣದವರು, ಮತ್ತೆ ಬೆಂಚಿನ ಮೇಲೆ ಕೂತ 18 ದಿನಕ್ಕೆ ರಾಷ್ಟ್ರಮಟ್ಟದ ಪರೀಕ್ಷೆಗೆ ಕೂತರು. ಆ ಫಲಿತಾಂಶದಲ್ಲಿ ಬಿದ್ದದ್ದು ಮಕ್ಕಳ ಬುದ್ಧಿಯಲ್ಲ, ಮುಚ್ಚಿದ ಬಾಗಿಲು. 2022-23ರಲ್ಲಿ ಸರ್ಕಾರ ‘ಕಲಿಕಾ ಚೇತರಿಕೆ’ ತಂದು ಹಿಂದಿನ ಪಾಠಗಳನ್ನು ಮತ್ತೆ ಕಲಿಸಲು ಹೊರಟಿದ್ದು ಸರಿಯಾದ ಹೆಜ್ಜೆಯಾಗಿತ್ತು.

2024ರ ಡಿಸೆಂಬರ್ 4ರಂದು ಅದೇ ಸಮೀಕ್ಷೆ ಪರಖ್ ಹೆಸರಿನಲ್ಲಿ ಮೂರು, ಆರು, ಒಂಬತ್ತನೇ ತರಗತಿಗೆ ನಡೆಯಿತು. ಇಲ್ಲಿ ಪೋಷಕರು ತಿಳಿಯಬೇಕಾದದ್ದು ಒಂದಿದೆ. ಈ ಸಮೀಕ್ಷೆಗಳು ಕೆಲವು ಶಾಲೆಗಳನ್ನು ಆರಿಸಿ, ಅಲ್ಲಿನ ಕೆಲವು ಮಕ್ಕಳನ್ನು ಕೂರಿಸಿ, ಫಲಿತಾಂಶವನ್ನು ಜಿಲ್ಲೆಯ ಲೆಕ್ಕದಲ್ಲಿ ಕೊಡುತ್ತವೆ. ಅಂತರಸನಹಳ್ಳಿಯ ಅಂಕ ಎಂಬುದು ಅಲ್ಲಿ ಇರುವುದೇ ಇಲ್ಲ. ತುಮಕೂರಿನಲ್ಲಂತೂ ಕಂದಾಯ ಜಿಲ್ಲೆ ಒಂದಾದರೂ ಶೈಕ್ಷಣಿಕ ಜಿಲ್ಲೆ ಎರಡು. ಅಂತರಸನಹಳ್ಳಿ, ಗುಬ್ಬಿ, ಕುಣಿಗಲ್ ತುಮಕೂರಿಗೆ ಸೇರಿದರೆ, ಇದೇ ಹೆದ್ದಾರಿಯಲ್ಲಿ ಮುಂದೆ ಸಿಗುವ ಶಿರಾ ಮಧುಗಿರಿಗೆ ಸೇರುತ್ತದೆ.

ಪ್ರತಿ ಮಗುವೂ ಬರೆಯುವ ಪರೀಕ್ಷೆಯೊಂದನ್ನು ರಾಜ್ಯ ತಂದಿತು. 2023ರ ಮಾರ್ಚ್‌ನಲ್ಲಿ ಐದು ಮತ್ತು ಎಂಟನೇ ತರಗತಿಗೆ ರಾಜ್ಯ ಪರೀಕ್ಷಾ ಮಂಡಳಿಯ ಪ್ರಶ್ನೆಪತ್ರಿಕೆ ಬಂತು. ಯಾರನ್ನೂ ಫೇಲ್ ಮಾಡುವುದಿಲ್ಲ ಎಂದು ಇಲಾಖೆ ಹೇಳಿದರೂ ಖಾಸಗಿ ಶಾಲೆಗಳ ಸಂಘಟನೆ ಕೋರ್ಟಿಗೆ ಹೋಯಿತು. ಮಾರ್ಚ್ 13ಕ್ಕೆ ನಿಗದಿಯಾಗಿದ್ದ ಪರೀಕ್ಷೆ 27ಕ್ಕೆ ಹೋಯಿತು. 2024ರಲ್ಲಿ ಮಕ್ಕಳ ಪಾಡು ಇನ್ನೂ ಕಷ್ಟ. ಮಾರ್ಚ್ 11ಕ್ಕೆ ಪರೀಕ್ಷೆ ಶುರುವಾಯಿತು, ಮರುದಿನವೇ ಸುಪ್ರೀಂ ಕೋರ್ಟ್ ತಡೆಯಿತು. 22ಕ್ಕೆ ಹೈಕೋರ್ಟ್ ಒಪ್ಪಿದ ಮೇಲೆ 25ರಿಂದ ಉಳಿದ ವಿಷಯಗಳನ್ನು ಬರೆಸಿದರು. ಏಪ್ರಿಲ್ 8ಕ್ಕೆ ಫಲಿತಾಂಶ ಬಂದ ದಿನವೇ ಸುಪ್ರೀಂ ಕೋರ್ಟ್ ಮತ್ತೆ ತಡೆ ಕೊಟ್ಟಿತು. ಹತ್ತು ಹನ್ನೊಂದು ವರ್ಷದ ಮಗುವಿಗೆ ನಾಳೆ ಪರೀಕ್ಷೆ ಇದೆಯೋ ಇಲ್ಲವೋ ಎಂಬುದೇ ತಿಳಿಯದಂತೆ ಮಾಡಿದ್ದು ತಪ್ಪು. ಕಾನೂನಿನ ಪ್ರಶ್ನೆಗಳನ್ನು ಶಾಲೆ ಶುರುವಾಗುವ ಮುಂಚೆಯೇ ಬಗೆಹರಿಸಿಕೊಳ್ಳಬೇಕಿತ್ತು.

ಇಷ್ಟೆಲ್ಲದರ ನಡುವೆ ಸದ್ದಿಲ್ಲದೆ ನಡೆಯುತ್ತಿರುವುದು ಶಾಲೆಯದೇ ಮೌಲ್ಯಮಾಪನ. ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಎಫ್‌ಎ), ಎರಡು ಸಂಕಲನಾತ್ಮಕ (ಎಸ್‌ಎ) ಪರೀಕ್ಷೆ. ಮಗು ಎಲ್ಲಿ ಎಡವುತ್ತಿದೆ ಎಂಬುದು ಆ ಉತ್ತರ ಪತ್ರಿಕೆಗಳಲ್ಲಿ ಇರುತ್ತದೆ. ಅದನ್ನು ಪೋಷಕರಿಗೆ ತೋರಿಸಲೆಂದೇ ‘ಸಮುದಾಯದತ್ತ ಶಾಲೆ’ ಎಂಬ ದಿನವನ್ನೂ ಇಲಾಖೆ ಇಟ್ಟಿದೆ. ಮಂಡಿಗೆ ರಜೆ ಇಲ್ಲ, ಪಾಳಿ ಬಿಡುವಂತಿಲ್ಲ, ಕೂಲಿ ಹೋಗುತ್ತದೆ, ನಿಜ. ಆದರೂ ಅಂತರಸನಹಳ್ಳಿಯ ತಾಯಿ ತಂದೆಯರಲ್ಲಿ ಒಂದು ಕೋರಿಕೆ: ಆ ದಿನ ಅರ್ಧ ಗಂಟೆಯಾದರೂ ಶಾಲೆಗೆ ಹೋಗಿ. ಎಷ್ಟು ಮಾರ್ಕ್ಸ್ ಎಂದು ಕೇಳಿ ವಾಪಸ್ ಬರಬೇಡಿ. ಉತ್ತರ ಪತ್ರಿಕೆ ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೆ ಮಗುವಿನಿಂದಲೇ ಗಟ್ಟಿಯಾಗಿ ಓದಿಸಿ ಕೇಳಿ.