ಆಗಸದ ನೋಟ, ನೆಲದ ಗುರುತು: ವಿಲ್ಟ್‌ಶೈರ್ ಕೌಂಟಿಯ ವೈಮಾನಿಕ ಛಾಯಾಚಿತ್ರಗಳು

ಛಾಯಾಚಿತ್ರವು ಚರಿತ್ರೆಯ ಆಕರವೆಂಬ ವಿಷಯದಲ್ಲಿ ಇಂದು ಭಿನ್ನಾಭಿಪ್ರಾಯವಿಲ್ಲ. ಆದರೆ ಯಾವ ಸ್ಥಳದ್ದು, ಯಾವ ಕಾಲದ್ದು ಎಂಬುದು ಅಳಿಸಿಹೋದ ಛಾಯಾಚಿತ್ರ ಆಕರವಾಗಿ ಉಳಿಯುವುದಿಲ್ಲ. ಮೇಲಿನ ಸಾಲುಗಳು ಒಡೆದುಹೋದ ಶಾಸನದ ತುಂಡಿನಂತೆ ಅದು ಮಾತನಾಡುತ್ತದೆ; ಯಾವುದನ್ನು ಕುರಿತು ಎಂಬುದು ಮಾತ್ರ ತಿಳಿಯುವುದಿಲ್ಲ. ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ನೆಲದ ಮೇಲೆ ನಿಂತು ತೆಗೆದ ಚಿತ್ರದಲ್ಲಿ ಒಂದು ಮುಖವೋ ಒಂದು ನಾಮಫಲಕವೋ ಗುರುತು ಹಿಡಿಯಲು ನೆರವಾಗುತ್ತದೆ. ಸಾವಿರಾರು ಅಡಿಗಳ ಎತ್ತರದಿಂದ ಕಂಡ ಹೊಲಗದ್ದೆಗಳೆಲ್ಲ ಒಂದೇ ಬಗೆಯಾಗಿ ತೋರುತ್ತವೆ. ಇಂಥ ಚಿತ್ರಗಳನ್ನು ಹೇಗೆ ಜೋಡಿಸಿಡಬೇಕು, ಹೇಗೆ ಗುರುತಿಸಬೇಕು ಎಂಬುದನ್ನು ಇಂಗ್ಲೆಂಡಿನ ವಿಲ್ಟ್‌ಶೈರ್ ಕೌಂಟಿಯ ನಿದರ್ಶನದಿಂದ ವಿವರಿಸುವುದು ಈ ಲೇಖನದ ಉದ್ದೇಶ. ಕೌಂಟಿಯೆಂದರೆ ಸ್ಥೂಲವಾಗಿ ಭಾರತದ ಜಿಲ್ಲೆಗೆ ಸಮನಾದ ಆಡಳಿತ ವಿಭಾಗ.

1. ಸಂಗ್ರಹದ ಹಿನ್ನೆಲೆ

ವೈಮಾನಿಕ ಛಾಯಾಚಿತ್ರದ ಚರಿತ್ರೆಯಲ್ಲಿ ವಿಲ್ಟ್‌ಶೈರ್‌ಗೆ ವಿಶೇಷ ಸ್ಥಾನವಿದೆ. ಈ ಕೌಂಟಿಯ ಸ್ಟೋನ್‌ಹೆಂಜ್ ಎಂಬ ಶಿಲಾವೃತ್ತದ ಚಿತ್ರಗಳನ್ನು 1906ರಲ್ಲಿ ಫಿಲಿಪ್ ಹೆನ್ರಿ ಶಾರ್ಪ್ ಎಂಬ ಸೈನ್ಯಾಧಿಕಾರಿ ಬಲೂನಿನಿಂದ ತೆಗೆದನು. ಆದರೆ ಇಂಥ ಚಿತ್ರಗಳನ್ನು ಓದುವ ಶಾಸ್ತ್ರವನ್ನು ರೂಪಿಸಿದ ಕೀರ್ತಿ ಓ. ಜಿ. ಎಸ್. ಕ್ರಾಫರ್ಡ್‌ಗೆ ಸಲ್ಲಬೇಕು. ಈತ ಹುಟ್ಟಿದ್ದು ಮುಂಬಯಿಯ ಬ್ರೀಚ್ ಕ್ಯಾಂಡಿಯಲ್ಲಿ, 1886ರಲ್ಲಿ, ಬೆಳೆದದ್ದು ಇಂಗ್ಲೆಂಡಿನಲ್ಲಿ. ಮೊದಲ ಮಹಾಯುದ್ಧದಲ್ಲಿ ವಿಮಾನದಳದ ವೀಕ್ಷಕನಾಗಿದ್ದ ಕ್ರಾಫರ್ಡ್, 1920ರಲ್ಲಿ ಆರ್ಡ್‌ನೆನ್ಸ್ ಸರ್ವೆ ಎಂಬ ಬ್ರಿಟಿಷ್ ಭೂಮಾಪನ ಸಂಸ್ಥೆಯ ಮೊದಲ ಪುರಾತತ್ತ್ವಾಧಿಕಾರಿಯಾದನು.

ಸ್ಟೋನ್‌ಹೆಂಜಿನಿಂದ ಹೊರಡುವ ಪ್ರಾಚೀನ ಮೆರವಣಿಗೆ ದಾರಿಯ ಒಂದು ಭಾಗ ಉಳುಮೆಯಿಂದ ನೆಲಸಮವಾಗಿ ಕಣ್ಣಿಗೆ ಕಾಣದಂತಾಗಿತ್ತು. ಅದರ ಜಾಡನ್ನು ಕ್ರಾಫರ್ಡ್ 1923ರಲ್ಲಿ ಪತ್ತೆಹಚ್ಚಿದ್ದು ಹೊಸ ಚಿತ್ರಗಳಿಂದಲ್ಲ. ವಾಯುಪಡೆಯವರು 1921ರಲ್ಲಿಯೇ ತೆಗೆದಿದ್ದ ಚಿತ್ರಗಳಿಂದ. ಅದೇ ವರ್ಷ ಅಲ್ಲಿ ಅಗೆದು ನೋಡಿದಾಗ ದಾರಿಯ ಎರಡು ಬದಿಯ ಕಂದಕಗಳು ದೊರೆತವು. ಎರಡು ವರ್ಷ ಸುಮ್ಮನೆ ಬಿದ್ದಿದ್ದ ಚಿತ್ರ ಸಾಕ್ಷ್ಯವಾಗಿ ಪರಿಣಮಿಸಿದ್ದು ಅದರ ಸ್ಥಳ ಖಚಿತವಾಗಿ ತಿಳಿದಿದ್ದುದರಿಂದ. ಮುಂದೆ 1924ರಲ್ಲಿ ಕ್ರಾಫರ್ಡ್ ಮತ್ತು ಅಲೆಗ್ಸಾಂಡರ್ ಕೈಲರ್ ಇಬ್ಬರೂ ಬಾಡಿಗೆ ವಿಮಾನದಲ್ಲಿ ಹಾರಾಡಿ ತೆಗೆದ ಚಿತ್ರಗಳು ‘ವೆಸೆಕ್ಸ್ ಫ್ರಮ್ ದಿ ಏರ್’ ಎಂಬ ಗ್ರಂಥವಾಗಿ 1928ರಲ್ಲಿ ಹೊರಬಂದವು.

ಇಂಥ ಚಿತ್ರಗಳು ಬೇರೆ ಬೇರೆ ಉದ್ದೇಶಗಳಿಂದ ಬೆಳೆದವು. 1919ರಲ್ಲಿ ಸ್ಥಾಪನೆಯಾದ ಏರೋಫಿಲ್ಮ್ಸ್ ಕಂಪನಿ ಕಾರ್ಖಾನೆ, ಊರು, ಬಂಗಲೆಗಳ ಚಿತ್ರ ತೆಗೆದು ಮಾರಿತು. ಎರಡನೆಯ ಮಹಾಯುದ್ಧದ ನಂತರ ವಾಯುಪಡೆ ದೇಶದ ಬಹುಭಾಗವನ್ನು ಮೇಲಿನಿಂದ ಚಿತ್ರೀಕರಿಸಿತು. ಪುರಾತತ್ತ್ವಜ್ಞರು ತಮ್ಮ ಶೋಧಕ್ಕಾಗಿ ಹಾರಿದರು. ಇವುಗಳಲ್ಲಿ ಬಹುಪಾಲು ಇಂದು ವಿಲ್ಟ್‌ಶೈರ್‌ನ ಸ್ವಿಂಡನ್ ನಗರದಲ್ಲಿರುವ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಪತ್ರಾಗಾರದಲ್ಲಿವೆ.

2. ಜೋಡಣೆಯ ತತ್ತ್ವಗಳು

ವೈಮಾನಿಕ ಚಿತ್ರಗಳಲ್ಲಿ ಮುಖ್ಯವಾಗಿ ಎರಡು ವರ್ಗಗಳಿವೆ. ಕ್ಯಾಮರಾವನ್ನು ನೇರವಾಗಿ ಕೆಳಮುಖವಾಗಿರಿಸಿ ತೆಗೆದವು ಲಂಬ ಚಿತ್ರಗಳು. ಪಕ್ಕದಿಂದ ಬಾಗಿ ತೆಗೆದವು ಓರೆ ಚಿತ್ರಗಳು. ಲಂಬ ಚಿತ್ರಗಳನ್ನು ವಿಮಾನ ಸಾಗುವ ಸಾಲಿನಲ್ಲಿ ಒಂದರ ಮೇಲೊಂದು ಸುಮಾರು ಶೇಕಡಾ 60ರಷ್ಟು ಅತಿಕ್ರಮಿಸುವಂತೆ ತೆಗೆಯುವುದು ವಾಡಿಕೆ. ಅಕ್ಕಪಕ್ಕದ ಎರಡು ಚಿತ್ರಗಳನ್ನು ಸ್ಟೀರಿಯೋಸ್ಕೋಪ್ ಎಂಬ ಉಪಕರಣದಲ್ಲಿ ಇಟ್ಟು ನೋಡಿದರೆ ನೆಲದ ಏರುತಗ್ಗುಗಳು ಮೂಡಿ ಕಾಣುತ್ತವೆ. ಆದ್ದರಿಂದ ಲಂಬ ಚಿತ್ರವನ್ನು ಸಾಲಿನಿಂದ ಬೇರ್ಪಡಿಸಿದರೆ ಅದರ ಅರ್ಧ ಅರ್ಥ ನಷ್ಟವಾಗುತ್ತದೆ. ಓರೆ ಚಿತ್ರವಾದರೋ ಒಂದು ನಿರ್ದಿಷ್ಟ ವಸ್ತುವನ್ನು ಉದ್ದೇಶಿಸಿ ತೆಗೆದದ್ದು. ಅದು ಬಿಡಿಯಾಗಿಯೂ ಅರ್ಥಪೂರ್ಣ.

ಈ ಭೇದದಿಂದಲೇ ಜೋಡಣೆಯ ಕ್ರಮವೂ ಭಿನ್ನವಾಗುತ್ತದೆ. ಲಂಬ ಚಿತ್ರಗಳನ್ನು ಹಾರಾಟದ ಸಂಖ್ಯೆ, ಚಿತ್ರದ ಕ್ರಮಸಂಖ್ಯೆಗಳ ಪ್ರಕಾರವೇ ಇರಿಸಿ, ಪ್ರತಿಯೊಂದು ಹಾರಾಟವೂ ಆವರಿಸಿದ ಪ್ರದೇಶವನ್ನು ಸೂಚೀ ನಕ್ಷೆಯ ಮೇಲೆ ಗುರುತಿಸಲಾಗುತ್ತದೆ. ಓರೆ ಚಿತ್ರಗಳನ್ನು ಸ್ಥಳಾನುಸಾರವಾಗಿ ಜೋಡಿಸಬಹುದು. ಯಾವ ವರ್ಗದ್ದೇ ಆಗಲಿ, ಚಿತ್ರಗಳು ಸಂಗ್ರಹಕ್ಕೆ ಬಂದಾಗ ಇದ್ದ ಮೂಲಕ್ರಮವನ್ನು ದಾಖಲಿಸದೆ ಕದಲಿಸಬಾರದು ಎಂಬುದು ಮೊದಲ ನಿಯಮ. ಹೆಸರಿಲ್ಲದ ಒಂದು ಚಿತ್ರದ ಹಿಂದುಮುಂದಿನ ಸಂಖ್ಯೆಗಳೆರಡೂ ಸಾಲ್ಸ್‌ಬರಿ ಪಟ್ಟಣದವಾಗಿದ್ದರೆ, ನಡುವಿನದೂ ಆ ಸುತ್ತಿನದೇ ಇರಬಹುದೆಂಬ ಊಹೆಗೆ ಆಸ್ಪದವಿದೆ. ಚಿತ್ರಗಳನ್ನು ವಿಷಯವಾರು ವಿಂಗಡಿಸುವ ಅತ್ಯುತ್ಸಾಹದಲ್ಲಿ ಈ ನೆರೆಹೊರೆಯನ್ನು ಕೆಡಿಸಿದರೆ ಊಹೆಯ ದಾರಿಯೇ ಮುಚ್ಚಿಹೋಗುತ್ತದೆ. ತಾಳೆಗರಿಯ ಕಟ್ಟನ್ನು ಬಿಚ್ಚಿ ಗರಿಗಳನ್ನು ಕಲಸಿದಂತಾಗುತ್ತದೆ.

3. ಗುರುತಿಸುವ ಬಗೆ

ಗುರುತಿಸುವಿಕೆ ಚಿತ್ರದ ಅಂಚಿನಿಂದ ಆರಂಭವಾಗಬೇಕು. ವಾಯುಪಡೆಯ ಚಿತ್ರಗಳ ಅಂಚಿನಲ್ಲಿ ಹಾರಾಟದ ಸಂಖ್ಯೆ, ದಿನಾಂಕ, ಮಸೂರದ ನಾಭಿದೂರ, ಹಾರಿದ ಎತ್ತರ ಮೊದಲಾದ ವಿವರಗಳಿರುತ್ತವೆ. ನಾಭಿದೂರವನ್ನು ಎತ್ತರದಿಂದ ಭಾಗಿಸಿದರೆ ಚಿತ್ರದ ಅಳತೆ ಸಿಗುತ್ತದೆ. 20 ಅಂಗುಲ ನಾಭಿದೂರದ ಮಸೂರದಿಂದ ನೆಲಮಟ್ಟಕ್ಕಿಂತ ಸುಮಾರು 16,600 ಅಡಿ ಎತ್ತರದಲ್ಲಿ ತೆಗೆದ ಚಿತ್ರದಲ್ಲಿ ಒಂದು ಅಂಗುಲವು ನೆಲದ ಮೇಲಿನ ಸುಮಾರು 10,000 ಅಂಗುಲಗಳಿಗೆ ಸಮ. ಅಳತೆ ತಿಳಿದೊಡನೆ ಅದೇ ಅಳತೆಯ ನಕ್ಷೆಯೊಡನೆ ಚಿತ್ರವನ್ನು ಹೋಲಿಸಿ ನೋಡುವುದು ಸುಲಭವಾಗುತ್ತದೆ.

ಅಂಚಿನ ಬರಹವಿಲ್ಲದಾಗ ಚಿತ್ರದ ಒಳಗಿನ ಸಾಕ್ಷ್ಯವನ್ನೇ ಆಶ್ರಯಿಸಬೇಕು. ಮೊದಲು ದಿಕ್ಕು ನಿರ್ಧಾರವಾಗಬೇಕು. ಇಂಗ್ಲೆಂಡಿನಲ್ಲಿ ನಡುಹಗಲಿನ ಆಸುಪಾಸಿನ ನೆರಳು ಉತ್ತರಕ್ಕೆ ಬೀಳುತ್ತದೆ. ಹಳೆಯ ಚರ್ಚುಗಳ ವೇದಿಕೆ ಸಾಮಾನ್ಯವಾಗಿ ಪೂರ್ವದಲ್ಲಿಯೂ ಗೋಪುರ ಅನೇಕ ಕಡೆ ಪಶ್ಚಿಮದಲ್ಲಿಯೂ ಇರುತ್ತವೆ. ಈ ಎರಡು ಸಾಕ್ಷ್ಯಗಳು ಪರಸ್ಪರ ವಿರುದ್ಧವಾಗಿ ಕಂಡರೆ, ನೆಗೆಟಿವನ್ನು ತಿರುವುಮುರುವಾಗಿಟ್ಟು ಅಚ್ಚು ತೆಗೆದಿರುವ ಸಂಭವವನ್ನು ಪರಿಶೀಲಿಸಬೇಕು. ಎಡಬಲ ಬದಲಾದ ಚಿತ್ರವನ್ನು ಯಾವ ನಕ್ಷೆಯೊಡನೆಯೂ ಹೊಂದಿಸಲಾಗುವುದಿಲ್ಲ. ನೆರಳು ನೋಡುಗನ ಕಡೆಗೆ ಬೀಳುವಂತೆ ಚಿತ್ರವನ್ನು ಹಿಡಿಯಬೇಕೆಂಬುದೂ ಅನುಭವದ ಮಾತು. ವಿರುದ್ಧವಾಗಿ ಹಿಡಿದರೆ ದಿಬ್ಬ ಹಳ್ಳವಾಗಿಯೂ ಹಳ್ಳ ದಿಬ್ಬವಾಗಿಯೂ ತೋರುತ್ತದೆ.

ದಿಕ್ಕಿನ ನಂತರ, ಸುಲಭವಾಗಿ ಬದಲಾಗದ ರೇಖೆಗಳನ್ನು ಹುಡುಕಬೇಕು. ಬೆಳೆ ಪ್ರತಿವರ್ಷ ಬದಲಾಗುತ್ತದೆ, ಬೇಲಿಗಳು ಕಾಲಾಂತರದಲ್ಲಿ ಬದಲಾಗುತ್ತವೆ. ಹೊಳೆಯ ತಿರುವು, ರೈಲುಹಾದಿಯ ಬಾಗು, ರಸ್ತೆಗಳು ಕೂಡುವ ಕೋನ ಇವು ಹೆಚ್ಚು ಕಾಲ ನಿಲ್ಲುತ್ತವೆ.

ಕಾಲನಿರ್ಣಯಕ್ಕೆ ಮೇಲಿನ ಮಿತಿ, ಕೆಳಗಿನ ಮಿತಿ ಎಂಬ ಎರಡು ಗಡಿಗಳನ್ನು ಗೊತ್ತುಮಾಡಿಕೊಳ್ಳುವುದು ಉತ್ತಮ ವಿಧಾನ. ಸ್ಟೋನ್‌ಹೆಂಜಿನಲ್ಲಿ 1797ರಲ್ಲಿ ಬಿದ್ದುಹೋಗಿದ್ದ ಮೂರು ಕಲ್ಲುಗಳ ಒಂದು ತೋರಣವನ್ನು 1958ರಲ್ಲಿ ಮತ್ತೆ ಎತ್ತಿ ನಿಲ್ಲಿಸಲಾಯಿತು. ಶಿಲಾವೃತ್ತದ ಪಕ್ಕದಲ್ಲಿಯೇ ಹಾದುಹೋಗುತ್ತಿದ್ದ ರಸ್ತೆಯನ್ನು 2013ರಲ್ಲಿ ಮುಚ್ಚಲಾಯಿತು. ಆದ್ದರಿಂದ ತೋರಣ ನಿಂತಿದ್ದು ರಸ್ತೆಯಲ್ಲಿ ವಾಹನಗಳು ಓಡುತ್ತಿರುವ ಚಿತ್ರ, ಬೇರಾವ ಆಧಾರವಿಲ್ಲದಿದ್ದರೂ, ಈ ಎರಡು ವರ್ಷಗಳ ನಡುವಿನದೆಂದು ನಿಶ್ಚಯವಾಗಿ ಹೇಳಬಹುದು. ಲಿಪಿಯ ಸ್ವರೂಪದಿಂದ, ಉಲ್ಲೇಖಿತ ಅರಸರಿಂದ ತೇದಿಯಿಲ್ಲದ ಶಾಸನದ ಕಾಲವನ್ನು ಕಟ್ಟಿಹಾಕುವ ಕ್ರಮಕ್ಕೂ ಇದಕ್ಕೂ ತತ್ತ್ವತಃ ಭೇದವಿಲ್ಲ.

ವರ್ಷವಷ್ಟೇ ಅಲ್ಲ, ತಿಂಗಳೂ ಮುಖ್ಯ. ನೆಲದಡಿಯಲ್ಲಿ ಹೂತುಹೋದ ಹಳೆಯ ಕಂದಕದ ಮೇಲೆ ಬೆಳೆದ ಪೈರು ತೇವಾಂಶದಿಂದ ಎತ್ತರವಾಗಿ ಹಸಿರಾಗಿಯೂ, ಹೂತ ಗೋಡೆಯ ಮೇಲೆ ಬೆಳೆದದ್ದು ಕುಳ್ಳಾಗಿ ಬೇಗ ಹಳದಿಯಾಗಿಯೂ ಕಾಣುತ್ತವೆ. ಈ ಭೇದ ಒಣಬೇಸಗೆಯ ಕೆಲವೇ ವಾರಗಳಲ್ಲಿ ಸ್ಪಷ್ಟ. ಒಂದು ಹೊಲದಲ್ಲಿ ಏನೂ ಕಾಣಲಿಲ್ಲವೆಂಬ ತೀರ್ಮಾನಕ್ಕೆ ಬೆಲೆ ಬರಬೇಕಾದರೆ ಚಿತ್ರ ಯಾವಾಗ ತೆಗೆದದ್ದೆಂಬುದು ತಿಳಿದಿರಬೇಕು.

4. ಹೆಸರು ಮತ್ತು ನೆಲೆ

ಕೌಂಟಿಯ ಹೆಸರಿನ ಮೇಲೆ ಜೋಡಿಸಿದ ಸಂಗ್ರಹಕ್ಕೆ ಒಂದು ಸಹಜ ಅಪಾಯವಿದೆ: ಕೌಂಟಿಯ ಗಡಿಗಳು ಸ್ಥಿರವಲ್ಲ. ಸುಣ್ಣಕಲ್ಲಿನ ಬೆಟ್ಟದ ಮೈಮೇಲೆ ಬಿಡಿಸಿದ ಅಫಿಂಗ್ಟನ್ನಿನ ಪ್ರಸಿದ್ಧ ಬಿಳಿಕುದುರೆ 1974ರವರೆಗೆ ವಿಲ್ಟ್‌ಶೈರ್‌ನ ನೆರೆಯ ಬರ್ಕ್‌ಶೈರ್‌ನಲ್ಲಿತ್ತು. ಆ ವರ್ಷದ ಪುನರ್ವಿಂಗಡಣೆಯಿಂದ ಆಕ್ಸ್‌ಫರ್ಡ್‌ಶೈರ್‌ಗೆ ಸೇರಿತು. ಸ್ವಿಂಡನ್ ನಗರಾಡಳಿತ 1997ರಲ್ಲಿ ವಿಲ್ಟ್‌ಶೈರ್ ಆಡಳಿತದಿಂದ ಪ್ರತ್ಯೇಕವಾಯಿತು. ಇದಕ್ಕೆ ಪರಿಹಾರವಾಗಿ ಒದಗಿದ್ದು ಭೂಮಾಪನ ಸಂಸ್ಥೆಯ ರಾಷ್ಟ್ರೀಯ ಚೌಕಜಾಲ. ಅದರಲ್ಲಿ ಸ್ಟೋನ್‌ಹೆಂಜಿನ ನೆಲೆ ‘ಎಸ್‌ಯು 122 422’. ಗಡಿ ಎಲ್ಲಿಗೇ ಸರಿಯಲಿ, ಈ ಅಂಕೆ ಬದಲಾಗುವುದಿಲ್ಲ. ಹೆಸರು ಓದುಗನಿಗೆ ದಾರಿ ತೋರಿಸುತ್ತದೆ. ಅಂಕೆ ನೆಲೆಯನ್ನು ಕಾಯುತ್ತದೆ. ಸೂಚಿಯಲ್ಲಿ ಎರಡೂ ಇರಬೇಕು.

ಕನ್ನಡ ವಿದ್ಯಾರ್ಥಿಗಳಿಗೆ ಈ ಸಮಸ್ಯೆ ಅಪರಿಚಿತವಲ್ಲ. ಬಿ. ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನು ಜಿಲ್ಲೆ, ತಾಲ್ಲೂಕುಗಳ ಪ್ರಕಾರ ಜೋಡಿಸಿದರು. ಮೈಸೂರು ಜಿಲ್ಲೆಯ ಸಂಪುಟದಲ್ಲಿದ್ದ ಚಾಮರಾಜನಗರದ ಶಾಸನಗಳು 1997ರಿಂದ ಬೇರೊಂದು ಜಿಲ್ಲೆಯವಾದವು. ಶ್ರವಣಬೆಳಗೊಳದ ಸಂಪುಟ 1889ರಲ್ಲಿ 144 ಶಾಸನಗಳೊಡನೆ ಪ್ರಕಟವಾಗಿ, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ 500ಕ್ಕೂ, 1973ರ ಪರಿಷ್ಕರಣದಲ್ಲಿ 573ಕ್ಕೂ ಏರಿತು, ಸಂಖ್ಯೆಗಳೂ ಬದಲಾದವು. ಶಾಸನಸಂಖ್ಯೆಯನ್ನು ಉಲ್ಲೇಖಿಸುವವರು ಯಾವ ಪರಿಷ್ಕರಣದ್ದೆಂದು ಹೇಳದಿದ್ದರೆ ಗೊಂದಲ ತಪ್ಪದು. ಚಿತ್ರಸಂಗ್ರಹದಲ್ಲಿಯೂ ಹೊಸ ಸಂಖ್ಯೆ ಕೊಟ್ಟಾಗ ಹಳೆಯದನ್ನು ಅಳಿಸದೆ, ಎರಡನ್ನೂ ಹೊಂದಿಸುವ ಪಟ್ಟಿಯನ್ನು ಇಡುವುದು ಅನಿವಾರ್ಯ.

5. ನಿಶ್ಚಯದ ಪ್ರಮಾಣ

ಏರೋಫಿಲ್ಮ್ಸ್ ಕಂಪನಿಯ ಹತ್ತು ಲಕ್ಷಕ್ಕೂ ಮೀರಿದ ನೆಗೆಟಿವುಗಳ ಸಂಗ್ರಹವನ್ನು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳ ಪರಂಪರಾ ಸಂಸ್ಥೆಗಳು ಜೊತೆಗೂಡಿ 2007ರಲ್ಲಿ ಕೊಂಡವು. 1919ರಿಂದ 1953ರವರೆಗಿನ ಸುಮಾರು 95,000 ಚಿತ್ರಗಳನ್ನು ಸಂರಕ್ಷಿಸಿ 2012ರಿಂದ ಸಾರ್ವಜನಿಕರ ಮುಂದಿಡಲಾಯಿತು. ಸ್ಥಳ ತಿಳಿಯದ ಚಿತ್ರಗಳನ್ನು ಗುರುತಿಸುವಂತೆ ಜನರನ್ನು ಕೇಳಿಕೊಳ್ಳಲಾಯಿತು; ಊರಿನವರೂ ಹವ್ಯಾಸಿಗಳೂ ನೆರವಾದರು. ತಜ್ಞನಿಗೆ ಬರಿಯ ಛಾವಣಿಯಾಗಿ ಕಂಡದ್ದು ಅಲ್ಲಿ ದುಡಿದವನಿಗೆ ತನ್ನ ಕಾರ್ಖಾನೆಯಾಗಿ ಕಾಣಬಹುದು.

ಆದರೆ ನೆನಪು ಸಾಕ್ಷ್ಯವೇ ಹೊರತು ತೀರ್ಪಲ್ಲ. ಆದ್ದರಿಂದ ಪ್ರತಿಯೊಂದು ಗುರುತಿನೊಡನೆ ಮೂರು ಸಂಗತಿಗಳನ್ನು ದಾಖಲಿಸುವುದು ಅಗತ್ಯ: ಗುರುತಿಸಿದವರು ಯಾರು, ಯಾವ ಆಧಾರದಿಂದ, ಎಷ್ಟು ನಿಶ್ಚಯದಿಂದ. ‘ಖಚಿತ’, ‘ಸಂಭವನೀಯ’, ‘ಊಹೆ’ ಎಂಬ ಮೂರು ದರ್ಜೆಗಳಾದರೂ ಇರಬೇಕು. ನೆಗೆಟಿವಿನ ಲಕೋಟೆಯ ಮೇಲಿನ ಹಳೆಯ ಬರಹ ತಪ್ಪೆಂದು ಸಾಬೀತಾದರೂ ಅದನ್ನು ಹೊಡೆದುಹಾಕಬಾರದು. ಗ್ರಂಥಸಂಪಾದಕನು ತಿರಸ್ಕರಿಸಿದ ಪಾಠವನ್ನೂ ಪಾಠಾಂತರವಾಗಿ ಅಡಿಯಲ್ಲಿ ಕೊಡುವಂತೆ, ಅದೂ ದಾಖಲೆಯಲ್ಲಿ ಉಳಿಯಬೇಕು. ಇಂದಿನ ತಿದ್ದುಪಡಿಯೇ ನಾಳೆ ತಪ್ಪೆನಿಸಿದಾಗ ಮರಳಿ ಹೋಗಲು ಅದೊಂದೇ ದಾರಿ.

ಈ ಕೆಲಸಕ್ಕೆ ಕಾಲದ ಒತ್ತಡ ಎರಡು ಕಡೆಯಿಂದಲೂ ಇದೆ. ಅಸಿಟೇಟ್ ಫಿಲ್ಮ್ ಕಾಲಕ್ರಮದಲ್ಲಿ ಹುಳಿವಾಸನೆ ಬೀರುತ್ತ ಸುರುಟಿಕೊಳ್ಳುತ್ತದೆ, ನೈಟ್ರೇಟ್ ಫಿಲ್ಮ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಗಾಜಿನ ಫಲಕ ಒಡೆಯುತ್ತದೆ. ಫಿಲ್ಮನ್ನು ತಂಪಾದ ಒಣ ಕೋಣೆಯಲ್ಲಿಟ್ಟು ಆಯುಷ್ಯ ಹೆಚ್ಚಿಸಬಹುದು; ಚಿತ್ರದಲ್ಲಿನ ಊರನ್ನು ಕಂಡು ಬಲ್ಲ ಹಿರಿಯರ ನೆನಪಿಗೆ ಅಂಥ ಕೋಣೆಯಿಲ್ಲ. ಆದಕಾರಣ ಗುರುತಿಸುವ ಕೆಲಸ ಸಂರಕ್ಷಣೆ ಮುಗಿದ ಮೇಲೆ ಬಿಡುವಾದಾಗ ಮಾಡತಕ್ಕದ್ದಲ್ಲ. ಅದು ಸಂರಕ್ಷಣೆಯ ಮೊದಲ ಹೆಜ್ಜೆ. ವಿಮಾನದ ಚಿತ್ರಗಳಿಗೆ ಅನ್ವಯಿಸುವ ಈ ಮಾತು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಕನ್ನಡ ಸಂಘಸಂಸ್ಥೆಗಳ ಸಭೆ, ನಾಟಕ, ನಾಡಹಬ್ಬಗಳ ಹಳೆಯ ಚಿತ್ರಗಳಿಗೂ ಅನ್ವಯಿಸುತ್ತದೆ. ಊರು, ವರ್ಷ, ನಿಂತವರ ಹೆಸರು, ಹೇಳಿದವರ ಹೆಸರು ಇಷ್ಟನ್ನು ಬಲ್ಲವರಿಂದ ಕೇಳಿ ಬರೆದಿಟ್ಟುಕೊಂಡರೆ ಆ ಚಿತ್ರಗಳು ಹೊರನಾಡ ಕನ್ನಡಿಗರ ಚರಿತ್ರೆಗೆ ಆಕರವಾಗುತ್ತವೆ. ಇಲ್ಲವಾದರೆ ಯಾರದೋ ಒಂದು ಸಮಾರಂಭದ ಚಿತ್ರಗಳಾಗಿ ಉಳಿಯುತ್ತವೆ.